ಪೆಟ್ಟಿಗೆಯ ಮೇಲಿನ ಸಂಖ್ಯೆಯನ್ನಲ್ಲ, ಕೇಬಲ್ ಎಳೆತವನ್ನು ನೋಡಿ: ಶಿಮಾನೊ 105 ಆರ್7000 ಜೊತೆ 6,200 ಕಿಲೋಮೀಟರ್

ಸೈಕಲಿನ ಗೇರುಗಳನ್ನು ಬದಲಾಯಿಸುವ ಈ ಕೆಲಸ ಮೊಣಕಾಲು ನೋವಿನಿಂದ ಶುರುವಾಯಿತು; ಕೊನೆಗೆ ಬಂದು ನಿಂತದ್ದು ಸೈಕಲ್ ಬಿಡಿಭಾಗಗಳ ಕಂಪನಿ ಶಿಮಾನೊದ 105 ಆರ್7000 ಸರಣಿಗೆ. ನನ್ನ ರೋಡ್ ಬೈಕಿನಲ್ಲಿ ಮುಂದೆ 50–34 ಕ್ರ್ಯಾಂಕ್ (ಪೆಡಲಿನ ತೋಳು, ಅದರ ಜೊತೆ 50 ಮತ್ತು 34 ಹಲ್ಲಿನ ಎರಡು ಗಾಲಿ), ಹಿಂದೆ 10 ಗೇರ್. ಹಿಂದಿನ ಅತಿ ದೊಡ್ಡ ಹಲ್ಲುಗಾಲಿಗೆ 28 ಹಲ್ಲು. ಉದ್ದನೆಯ ಏರಿನಲ್ಲಿ ಕೊನೆಯ ಗೇರಿಗೆ ಬಂದ ಮೇಲೂ ಮೈಭಾರವನ್ನೆಲ್ಲ ಹಾಕಿ ತುಳಿಯಬೇಕಾಗುತ್ತಿತ್ತು. ಹಿಂದೆಯೂ 34 ಹಲ್ಲು ಸಿಕ್ಕರೆ ಕ್ರ್ಯಾಂಕಿನ ಒಂದು ಸುತ್ತಿಗೆ ಚಕ್ರದ್ದೂ ಒಂದೇ ಸುತ್ತು. ನನಗೆ ಬೇಕಾದದ್ದು ಅಷ್ಟೇ.

ಚೈನನ್ನು ಒಂದು ಹಲ್ಲುಗಾಲಿಯಿಂದ ಇನ್ನೊಂದಕ್ಕೆ ಸರಿಸುವ ನನ್ನ ಹಳೆಯ ಡಿರೈಲರಿಗೆ 34 ಹಲ್ಲಿನ ಗಾಲಿಯನ್ನು ದಾಟುವ ಶಕ್ತಿ ಇರಲಿಲ್ಲ. ‘ನಿಮ್ಮ ಶಿಫ್ಟರೂ (ಹ್ಯಾಂಡಲಿನಲ್ಲಿ ಗೇರ್ ಬದಲಿಸುವ ಲಿವರ್) ಹತ್ತು, ಇದೂ ಹತ್ತು, ಯೋಚಿಸದೆ ಹಾಕಿ’ ಎಂದು ಮಾರಿದವರು ಶಿಮಾನೊದ ಟಿಯಾಗ್ರಾ 4700 ಡಿರೈಲರನ್ನೂ 11–34ರ ಹತ್ತು ಗೇರಿನ ಕ್ಯಾಸೆಟ್ಟನ್ನೂ (11ರಿಂದ 34 ಹಲ್ಲಿನವರೆಗಿನ ಹಿಂದಿನ ಗಾಲಿಗಳ ಗೊಂಚಲು) ಕೊಟ್ಟರು. ಜೋಡಿಸಿದೆ. ಮೊದಲ ಗೇರ್ ಬದಲಾವಣೆ ಪರವಾಗಿಲ್ಲ ಎನ್ನಿಸಿತು. ಮೂರನೆಯ ಕ್ಲಿಕ್ಕಿಗೆ ಚೈನ್ ಎರಡು ಗಾಲಿಗಳ ನಡುವೆ ನಿಂತು ಕರಕರ ಎನ್ನತೊಡಗಿತು. ಎರಡು ಸಂಜೆ ಕೇಬಲಿನ ಬಿಗಿತ ತಿರುಪನ್ನು ಅತ್ತಿತ್ತ ತಿರುಗಿಸಿದೆ. ಮೇಲಿನ ಗೇರುಗಳು ಸರಿಯಾದರೆ ಕೆಳಗಿನವು ಕೆಡುತ್ತಿದ್ದವು.

ಆಮೇಲೆ ಕಾಗದ ಹಿಡಿದು ಲೆಕ್ಕ ಹಾಕಿದೆ. ನನ್ನ ಹಳೆಯ 105 ಶಿಫ್ಟರ್ ಒಂದು ಕ್ಲಿಕ್ಕಿಗೆ ಸುಮಾರು 2.3 ಮಿ.ಮೀ. ಕೇಬಲ್ ಎಳೆಯುತ್ತದೆ. ಅದರ ಕಾಲದ ಡಿರೈಲರ್ ಆ ಎಳೆತದ 1.7 ಪಟ್ಟು ಸರಿಯುತ್ತದೆ, ಅಂದರೆ 3.9 ಮಿ.ಮೀ. ಹತ್ತು ಗೇರಿನ ಕ್ಯಾಸೆಟ್ಟಿನಲ್ಲಿ ಗಾಲಿಯಿಂದ ಗಾಲಿಗೆ ಇರುವ ಅಂತರವೂ ಹೆಚ್ಚುಕಡಿಮೆ ಅಷ್ಟೇ. ಆದರೆ ಟಿಯಾಗ್ರಾ 4700ರಲ್ಲಿ ಶಿಮಾನೊ 11 ಗೇರಿನ ರೋಡ್ ಸರಣಿಗಳ ಅನುಪಾತವನ್ನು, ಅಂದರೆ ಸುಮಾರು 1.4 ಅನ್ನು, ಬಳಸಿದೆ. ಹಳೆಯ ಶಿಫ್ಟರಿನ ಎಳೆತಕ್ಕೆ ಅದು 3.2 ಮಿ.ಮೀ. ಮಾತ್ರ ಸರಿಯುತ್ತದೆ. ಪ್ರತಿ ಕ್ಲಿಕ್ಕಿಗೂ 0.7 ಮಿ.ಮೀ. ಕೊರತೆ; ಮೂರು ಕ್ಲಿಕ್ಕಿಗೆ ಅದು ಅರ್ಧ ಅಂತರವನ್ನೂ ಮೀರುತ್ತದೆ. ಯಾವ ತಿರುಪೂ ಇದನ್ನು ಸರಿಪಡಿಸಲಾರದು. ಪೆಟ್ಟಿಗೆಯ ಮೇಲಿನ ‘10’ ನನಗೆ ಹೇಳಬೇಕಾದದ್ದನ್ನು ಹೇಳಿರಲಿಲ್ಲ.

ಖರ್ಚು ಹೆಚ್ಚಾಗಬಾರದು ಎನ್ನುವವರಿಗೆ ಇನ್ನೊಂದು ದಾರಿ ಇದೆ: ಶಿಮಾನೊದ 9 ಗೇರಿನ ಮೌಂಟನ್ ಬೈಕ್ ಡಿರೈಲರ್. ಅದರ ಅನುಪಾತವೂ 1.7 ಆದ್ದರಿಂದ ಹಳೆಯ 10 ಗೇರಿನ ರೋಡ್ ಶಿಫ್ಟರಿನ ಜೊತೆ ಹೊಂದುತ್ತದೆ. ನನ್ನ ಶಿಫ್ಟರುಗಳು ಹೇಗೂ ಸವೆದಿದ್ದವು. ಹಾಗಾಗಿ ನಾನು 4700 ಡಿರೈಲರನ್ನು ಉಳಿಸಿಕೊಂಡು, 105 ಆರ್7000 ಸರಣಿಯ 11 ಗೇರಿನ ಶಿಫ್ಟರ್, ಮುಂದಿನ ಡಿರೈಲರ್ ಮತ್ತು ಬ್ರೇಕುಗಳನ್ನು ತೆಗೆದುಕೊಂಡೆ. ಈ ಶಿಫ್ಟರಿನ ಎಳೆತ ಸುಮಾರು 2.7 ಮಿ.ಮೀ.; ಅದನ್ನು 1.4ರಿಂದ ಗುಣಿಸಿದರೆ 11 ಗೇರಿನ ಕ್ಯಾಸೆಟ್ಟಿನ ಅಂತರಕ್ಕೆ ಕೂದಲೆಳೆಯಷ್ಟು ಹತ್ತಿರ ಬರುತ್ತದೆ. ಬೈಕನ್ನು ಸ್ಟ್ಯಾಂಡಿಗೆ ಏರಿಸಿ ಹನ್ನೊಂದು ಗೇರುಗಳನ್ನೂ ಒಂದೊಂದಾಗಿ ದಾಟಿಸಿ ನೋಡಿದಾಗ ಎಲ್ಲಿಯೂ ಸದ್ದಿರಲಿಲ್ಲ. ಆ ನಿಶ್ಶಬ್ದ ಕೇಳಿ ನನಗೆ ನಿಜವಾಗಿಯೂ ಸಂತೋಷವಾಯಿತು.

ಚಕ್ರದ ಚಿಂತೆ ಬೇರೆ ಇತ್ತು. 11 ಗೇರಿನ ರೋಡ್ ಫ್ರೀಹಬ್ (ಹಿಂಚಕ್ರದಲ್ಲಿ ಕ್ಯಾಸೆಟ್ ಕೂರುವ ಭಾಗ) ಹಳೆಯದಕ್ಕಿಂತ 1.85 ಮಿ.ಮೀ. ಅಗಲ. ಆದ್ದರಿಂದ ಸಾಮಾನ್ಯ 11 ಗೇರಿನ ಕ್ಯಾಸೆಟ್ ನನ್ನ ಚಕ್ರದ ಮೇಲೆ ಕೂರುವುದಿಲ್ಲ. ಇಲ್ಲಿ ಕೈಹಿಡಿದದ್ದು ಎಚ್‌ಜಿ700 ಎಂಬ 11–34 ಕ್ಯಾಸೆಟ್. ಅದರ ದೊಡ್ಡ ಗಾಲಿಗಳು ಫ್ರೀಹಬ್ಬಿನ ಅಂಚು ಮೀರಿ ಕಡ್ಡಿಗಳ ಕಡೆಗೆ ಚಾಚಿಕೊಳ್ಳುವುದರಿಂದ ಹಳೆಯ ಫ್ರೀಹಬ್ಬಿನಲ್ಲಿಯೂ ನೇರವಾಗಿ ಹಿಡಿಸುತ್ತದೆ. ಹೊಸ ಅಗಲದ ಫ್ರೀಹಬ್ ಇರುವವರು ಹಿಂದೆ 1.85 ಮಿ.ಮೀ. ಸ್ಪೇಸರ್ ಹಾಕಲೇಬೇಕು. ಹಾಕದಿದ್ದರೆ ಲಾಕ್‌ರಿಂಗ್ ಬಿಗಿದ ಮೇಲೂ ಕ್ಯಾಸೆಟ್ ಅಲುಗಾಡುತ್ತದೆ.

ಬ್ರೇಕುಗಳನ್ನು ಬದಲಾಯಿಸಿದ್ದು ಅಲಂಕಾರಕ್ಕಲ್ಲ. ಶಿಫ್ಟರಿನ ಜೊತೆಗೇ ಇರುವ ಹೊಸ ಬ್ರೇಕ್ ಲಿವರುಗಳು ಹಳೆಯವಕ್ಕಿಂತ ಹೆಚ್ಚು ಕೇಬಲ್ ಎಳೆಯುತ್ತವೆ. ತೀರಾ ಹಳೆಯ ಕ್ಯಾಲಿಪರಿಗೆ (ಚಕ್ರವನ್ನು ಹಿಡಿಯುವ ಬ್ರೇಕಿನ ಭಾಗ) ಅವನ್ನು ಕಟ್ಟಿದರೆ ಬ್ರೇಕಿನ ಹಿಡಿತ ಕಡಿಮೆಯಾಗುತ್ತದೆ. ಗೇರ್ ತಪ್ಪಿದರೆ ಸಿಟ್ಟು ಬರುತ್ತದೆ, ಬ್ರೇಕ್ ತಪ್ಪಿದರೆ ಆಸ್ಪತ್ರೆ ಸೇರಬೇಕಾಗುತ್ತದೆ. ಈ ಒಂದು ಕಡೆ ದಯವಿಟ್ಟು ಪ್ರಯೋಗ ಮಾಡಬೇಡಿ.

ಕ್ರ್ಯಾಂಕ್ ಮಾತ್ರ ಹಳೆಯದೇ. 11 ಗೇರಿನ ತೆಳು ಚೈನ್ ಅದರ ಮೇಲೆ ತಕರಾರಿಲ್ಲದೆ ಓಡುತ್ತಿದೆ. ಶಿಮಾನೊದ ಮೇಲಿನ ದರ್ಜೆಯ, ಬಳಸಿದ ಅಲ್ಟೆಗ್ರಾ ಕ್ರ್ಯಾಂಕ್ ಒಂದು ಕಣ್ಣಿಗೆ ಬಿದ್ದಿತ್ತು, ಬಿಟ್ಟುಬಿಟ್ಟೆ. 2012ರಿಂದ 2019ರ ನಡುವೆ ತಯಾರಾದ, ಅಂಟಿನಿಂದ ಕೂಡಿಸಿದ 11 ಗೇರಿನ ಅಲ್ಟೆಗ್ರಾ ಮತ್ತು ಡ್ಯೂರಾ ಏಸ್ ಕ್ರ್ಯಾಂಕುಗಳ ಪದರ ಬಿಡುವ ಸಾಧ್ಯತೆಯ ಕಾರಣಕ್ಕೆ ಶಿಮಾನೊ 2023ರ ಸೆಪ್ಟೆಂಬರಿನಲ್ಲಿ ಅವುಗಳ ತಪಾಸಣೆಯನ್ನು ಘೋಷಿಸಿತು. ಅಂಥದ್ದನ್ನು ಕೊಳ್ಳುವವರು ಮೊದಲು ಒಳಬದಿಯಲ್ಲಿರುವ ತಯಾರಿಕಾ ಸಂಕೇತವನ್ನು ಓದಿಕೊಳ್ಳಿ.

6,200 ಕಿಲೋಮೀಟರ್ ಆದ ಮೇಲೂ ಕ್ಲಿಕ್ಕಿನ ಖಚಿತತೆ ಮೊದಲ ದಿನದಂತೆಯೇ ಇದೆ. ಒಮ್ಮೆ ಬೈಕ್ ಬಲಮಗ್ಗುಲಿಗೆ ಬಿದ್ದು, ಡಿರೈಲರ್ ತೂಗುವ ಹ್ಯಾಂಗರ್ ಬಾಗಿದಾಗ ಮಾತ್ರ ಗೇರ್ ಕೆಟ್ಟಿತ್ತು. ಅದನ್ನು ನೇರ ಮಾಡಿಸಿದ ಕೂಡಲೇ ಎಲ್ಲವೂ ಮರಳಿತು. ಹಿಂದಿನ ಗೇರ್ ಕೇಬಲ್ ಲಿವರಿನ ಒಳಗೆ ಚೂಪಾಗಿ ತಿರುಗುವುದರಿಂದ ಅದರ ಎಳೆಗಳು ಅಲ್ಲೇ ಮೊದಲು ಹರಿಯುತ್ತವೆ. ಹಾಗಾಗಿ 3,000 ಕಿಲೋಮೀಟರಿಗೊಮ್ಮೆ ಹೊಸದನ್ನು ಹಾಕುತ್ತೇನೆ. ಚೈನ್ ಶೇ 0.5 ಹಿಗ್ಗಿದೆ ಎಂದು ಗೇಜ್ ತೋರಿಸಿದರೆ ಇನ್ನೊಂದು ಸವಾರಿಗೂ ಕಾಯುವುದಿಲ್ಲ. ಹಿಗ್ಗಿದ ಚೈನ್ ಕ್ಯಾಸೆಟ್ಟಿನ ಹಲ್ಲನ್ನೂ ತಿನ್ನುತ್ತದೆ.

ಕೊರತೆ ಒಂದಿದೆ, ಅದು ಕ್ಯಾಸೆಟ್ಟಿನದು. ಏರಿನಲ್ಲಿ ಕಾಲಿಗೆ ಹಾಯೆನಿಸುತ್ತದೆ ನಿಜ, ಆದರೆ 11, 13, 15, 17 ಎಂದು ಎರಡೆರಡು ಹಲ್ಲು ಹಾರುವುದರಿಂದ ಸಮತಟ್ಟು ರಸ್ತೆಯ ಎದುರುಗಾಳಿಯಲ್ಲಿ 15 ಭಾರವೆನ್ನಿಸುತ್ತದೆ, 17 ಹಗುರವೆನ್ನಿಸುತ್ತದೆ. ನಡುವಿನ 16 ಇಲ್ಲ. ಗುಂಪಿನಲ್ಲಿ ವೇಗವಾಗಿ ಓಡಿಸುವವರಿಗೆ, 16 ಅದರಲ್ಲೂ ಇಲ್ಲದಿದ್ದರೂ, 11ರಿಂದ 15ರವರೆಗೆ ಒಂದೊಂದೇ ಹಲ್ಲು ಏರುವ 11–28 ಒಳ್ಳೆಯದು. ಅದಕ್ಕೆ 11 ಗೇರಿನ ಫ್ರೀಹಬ್ ಇರುವ ಚಕ್ರವೇ ಬೇಕು.