ಕನ್ನಡಕದ ಕ್ಯಾಪ್ಟನ್ ಐಝೆನ್: ಐದನೇ ದಳ ಸೇರುವ ಮುನ್ನ ಓದಿ

ಟೈಟ್ ಕುಬೊ ಅವರ 'ಬ್ಲೀಚ್' ಮಾಂಗಾದ 21ನೇ ಸಂಪುಟ ಇನ್ನೂ ದಾಟದವರು ಇಲ್ಲೇ ನಿಂತುಬಿಡಿ. ಆ ಕಥೆಯ ದೊಡ್ಡ ಗುಟ್ಟು ಕೆಳಗೆ ಪೂರ್ತಿ ಬಯಲಾಗಿದೆ, ಆಮೇಲೆ ಬೈಯಬೇಡಿ.

ದಾಟಿದವರಿಗೂ ಇದು ಬೇಕು. ಯಾಕೆಂದರೆ ಐಝೆನ್ ಮಾತು ಬಂದಾಗಲೆಲ್ಲ ಒಂದೇ ಸಮಜಾಯಿಷಿ ಕೇಳಿಬರುತ್ತದೆ: "ಅವನ ಕತ್ತಿಯದು ಪರಿಪೂರ್ಣ ಕಣ್ಕಟ್ಟು, ಪಾಪ, ಯಾರು ತಾನೇ ಏನು ಮಾಡೋಕಾಗ್ತಿತ್ತು?" ಇದು ಅರ್ಧ ಸತ್ಯ. ಅವನ ಶಿಷ್ಯೆ ಮೊಮೊ ಹಿನಾಮೊರಿಗೆ ಆದದ್ದನ್ನು ಸಾಲಾಗಿ ಇಟ್ಟು ನೋಡಿದರೆ ಕತ್ತಿಯ ಮಾಯೆ ಕೆಲಸ ಮಾಡಿದ್ದು ಮುಖ್ಯವಾಗಿ ಎರಡು ಕಡೆ: ಗೋಡೆಗೆ ನೇತುಬಿದ್ದ ಹೆಣದಲ್ಲಿ, ಮತ್ತು ಸೆಂಟ್ರಲ್ 46 ಎಂಬ ನ್ಯಾಯಮಂಡಳಿಯ ಸಭಾಂಗಣದಲ್ಲಿ. ಉಳಿದದ್ದೆಲ್ಲ ಬರೀ ಮಾತು, ಸಮಯಕ್ಕೆ ಸರಿಯಾದ ಮೌನ, ಮತ್ತು ಒಂದು ಕಾಗದ. ಮಂತ್ರತಂತ್ರ ಗೊತ್ತಿಲ್ಲದ ಮೇಷ್ಟ್ರೂ ಇದನ್ನು ಮಾಡಬಲ್ಲ. ಎಚ್ಚರಿಕೆ ಬೇಕಿರುವುದು ಅದಕ್ಕೇ.

ಹಿನ್ನೆಲೆ ಚುಟುಕಾಗಿ. ಸತ್ತವರ ಲೋಕವಾದ ಸೋಲ್ ಸೊಸೈಟಿಯನ್ನು ಕಾಯಲು ಶಿನಿಗಾಮಿಗಳ, ಅಂದರೆ ಕತ್ತಿ ಹಿಡಿದ ಮೃತ್ಯುದೇವತೆಗಳ, 13 ದಳಗಳಿವೆ. ಐದನೇ ದಳದ ಕ್ಯಾಪ್ಟನ್ ಸೋಸುಕೆ ಐಝೆನ್. ಕನ್ನಡಕ, ಮೆದು ಮಾತು, ಎಲ್ಲರಿಗೂ ಬೇಕಾದವನು. ಅವನ ವೈಸ್ ಕ್ಯಾಪ್ಟನ್ ಹಿನಾಮೊರಿ. ಅಕಾಡೆಮಿಯಲ್ಲಿ ವಿದ್ಯಾರ್ಥಿನಿಯಾಗಿದ್ದಾಗ ಹಾಲೋ ಎಂಬ ದೈತ್ಯ ಪಿಶಾಚಿಗಳ ಬಾಯಿಗೆ ಸಿಕ್ಕಿದ್ದ ಅವಳನ್ನೂ ಗೆಳೆಯರಾದ ರೆಂಜಿ, ಕಿರಾ ಅವರನ್ನೂ ಪಾರುಮಾಡಿದವನು ಇವನೇ. ಅಂದಿನಿಂದ ಅವನ ಕೈಕೆಳಗೆ ಕೆಲಸ ಮಾಡುವುದೇ ಅವಳ ಗುರಿಯಾಯಿತು. ಗುರು ತಾನಾಗಿ ಹುಡುಕಿಕೊಂಡು ಹೋಗಲಿಲ್ಲ, ಶಿಷ್ಯೆಯೇ ಓಡಿ ಬಂದಳು. ಈ ಒಂದು ಅಂಶ ಮುಂದಿನ ಎಲ್ಲಕ್ಕೂ ಅಡಿಪಾಯ: ಅವಳ ಪ್ರಕಾರ ಅವನನ್ನು ಆರಿಸಿಕೊಂಡವಳು ಅವಳೇ, ಹಾಗಾಗಿ ಅನುಮಾನಪಡಬೇಕಾದರೆ ಮೊದಲು ತನ್ನ ಮೇಲೇ ಅನುಮಾನಪಡಬೇಕು.

ಕತ್ತಿಯ ವಿಚಾರ ಮುಗಿಸಿಬಿಡೋಣ. ಅದರ ಹೆಸರು ಕ್ಯೋಕಾ ಸುಯಿಗೆತ್ಸು. ಅದರ ಶಕ್ತಿಯನ್ನು ಬಿಡುಗಡೆ ಮಾಡುವ ಗಳಿಗೆಯನ್ನು ಒಮ್ಮೆ ಕಣ್ಣಾರೆ ಕಂಡವರ ಐದೂ ಇಂದ್ರಿಯಗಳು ಆಮೇಲೆ ಐಝೆನ್ ಕೈಯಲ್ಲಿ. ನೋಡದವರ ಮೇಲೆ ನಡೆಯುವುದಿಲ್ಲ, ಕುರುಡರ ಮೇಲೂ ನಡೆಯುವುದಿಲ್ಲ. ಹಾಗಾದರೆ ಇಷ್ಟೊಂದು ಜನಕ್ಕೆ ಅವನು ತೋರಿಸಿದ್ದು ಹೇಗೆ? ಕದ್ದುಮುಚ್ಚಿ ಅಲ್ಲ. ವೈಸ್ ಕ್ಯಾಪ್ಟನ್‌ಗಳನ್ನು ಕರೆದು ಪ್ರಾತ್ಯಕ್ಷಿಕೆ ಕೊಟ್ಟ. ಇದು ನೀರಿನ ಜಾತಿಯ ಕತ್ತಿ, ಮಂಜು ಮತ್ತು ನೀರಿನಲ್ಲಿ ಬೆಳಕು ವಕ್ರವಾಗುವುದರಿಂದ ವೈರಿಗಳು ತಮ್ಮ ತಮ್ಮಲ್ಲೇ ಹೊಡೆದಾಡಿಕೊಳ್ಳುತ್ತಾರೆ ಎಂದು ವಿವರಿಸಿದ. ಆ ಪ್ರಾತ್ಯಕ್ಷಿಕೆಯೇ ಕಣ್ಕಟ್ಟಿನ ಮೊದಲ ಹೆಜ್ಜೆ. ಸುಳ್ಳಿನ ಹದ ಗಮನಿಸಿ: ವೈರಿಗಳು ಗೊಂದಲಕ್ಕೆ ಬೀಳುತ್ತಾರೆ ಎಂಬುದು ನಿಜ, ಕಾರಣ ಮಾತ್ರ ಸುಳ್ಳು. ಪೂರ್ತಿ ಸುಳ್ಳು ಹೇಳಿದ್ದರೆ ಎಂದಾದರೂ ಸಿಕ್ಕಿಬೀಳುತ್ತಿದ್ದ. ಇನ್ನು ಒಂಬತ್ತನೇ ದಳದ ಕ್ಯಾಪ್ಟನ್ ಕಾನಾಮೆ ತೋಸೆನ್ ಕುರುಡ. ಕಣ್ಕಟ್ಟು ತಾಗದ ಒಬ್ಬನೇ ಕ್ಯಾಪ್ಟನ್ ಮೊದಲಿನಿಂದಲೂ ಐಝೆನ್‌ನ ಆಳಾಗಿದ್ದ. ಕಾಕತಾಳೀಯ ಅಲ್ಲ ಅದು.

ಈಗ ಹೂಟಕ್ಕೆ ಬರೋಣ. ರುಕಿಯಾ ಎಂಬ ಶಿನಿಗಾಮಿಗೆ ಮರಣದಂಡನೆಯಾಗುತ್ತದೆ. 35 ದಿನ ಇರಬೇಕಿದ್ದ ಅವಧಿ 25ಕ್ಕೆ ಇಳಿಯುತ್ತದೆ, ಕಡೆಗೆ 29 ಗಂಟೆಗೆ ಬಂದು ನಿಲ್ಲುತ್ತದೆ. ಆಜ್ಞೆ ಹೊರಡಿಸುತ್ತಿರುವುದು 40 ಜ್ಞಾನಿಗಳು, 6 ನ್ಯಾಯಾಧೀಶರು ಇರುವ ಸೆಂಟ್ರಲ್ 46. ಅಷ್ಟೊತ್ತಿಗೆ ಅವರೆಲ್ಲರನ್ನೂ ಐಝೆನ್ ಕೊಂದು ಮುಗಿಸಿದ್ದಾನೆ. ಆದರೂ ದಂಡನೆಯಲ್ಲಿ ಏನೋ ಸರಿಯಿಲ್ಲ, ಯಾರದೋ ಸಂಚಿದೆ ಎಂದು ರೆಂಜಿಯ ಮುಂದೆ ಬಾಯಿಬಿಟ್ಟು ಹೇಳುವವನು ಅವನೇ! ತನ್ನದೇ ಸಂಚಿನ ವಾಸನೆ ತಾನೇ ಮೊದಲು ಹಿಡಿದಂತೆ ನಟಿಸಿದರೆ ತನಿಖೆ ತನ್ನತ್ತ ತಿರುಗುವುದಿಲ್ಲ. ಇದೇ ಅವನ ಅತ್ಯಂತ ಅಗ್ಗದ ಉಪಾಯ, ಮತ್ತು ಅತ್ಯಂತ ಪರಿಣಾಮಕಾರಿಯಾದದ್ದು.

ಇನ್ನೊಂದು ಉಪಾಯ ಸುಳ್ಳು ಜಗಳ. ಮೂರನೇ ದಳದ ಕ್ಯಾಪ್ಟನ್ ಗಿನ್ ಇಚಿಮಾರು ನೋಡಿದರೇ ಕೆಟ್ಟವನು ಅನ್ನಿಸುವಂಥವನು, ಸದಾ ಕಣ್ಣು ಕಿರಿದು ಮಾಡಿ ನಗುತ್ತಿರುತ್ತಾನೆ. ಅವನು ಹಿಂದೆ ಐಝೆನ್‌ನ ವೈಸ್ ಕ್ಯಾಪ್ಟನ್ ಆಗಿದ್ದವನು. ಇಬ್ಬರೂ ಪರಸ್ಪರ ಬೆದರಿಸಿಕೊಳ್ಳುವ ಮಾತು ಹತ್ತನೇ ದಳದ ಕ್ಯಾಪ್ಟನ್ ತೋಶಿರೊ ಹಿತ್ಸುಗಾಯಾ ಕಿವಿಗೆ ಬೀಳುತ್ತದೆ. ಹಿತ್ಸುಗಾಯಾ ಹಿನಾಮೊರಿಯ ಬಾಲ್ಯದ ಒಡನಾಡಿ. ಅವನು ಓಡಿ ಹೋಗಿ ಅವಳಿಗೆ ಗಿನ್ ಬಗ್ಗೆ ಎಚ್ಚರವಾಗಿರು ಎನ್ನುತ್ತಾನೆ. ಹೀಗೆ ಗೋಮುಖವ್ಯಾಘ್ರನ ಪಕ್ಕದಲ್ಲಿ ಎದ್ದು ಕಾಣುವ ಒಂದು ತೋಳ ನಿಂತ ಮೇಲೆ ಹಸುವಿನ ಮುಖವನ್ನು ಯಾರೂ ತಿರುಗಿ ನೋಡುವುದಿಲ್ಲ.

ಆ ರಾತ್ರಿ ಹಿನಾಮೊರಿ ಕಳವಳದಿಂದ ಐಝೆನ್‌ನ ಕೋಣೆಗೆ ಹೋಗುತ್ತಾಳೆ. ಅವನು ಏನೋ ಬರೆಯುತ್ತಿರುತ್ತಾನೆ, ಅವಳು ಅಲ್ಲೇ ನಿದ್ದೆ ಹೋಗುತ್ತಾಳೆ. ಬೆಳಿಗ್ಗೆ ತಡವಾಗಿ ಎದ್ದು ಓಡುವಾಗ ಪೂರ್ವದ ಮಹಾಗೋಡೆಯ ಮೇಲೆ ಕತ್ತಿ ಚುಚ್ಚಿ ನೇತುಹಾಕಿದ ಅವನ ಹೆಣ. ಮೊದಲು ಕಂಡವಳು ಅವಳೇ. ಗಿನ್ ಅಲ್ಲಿಗೆ ಬರುತ್ತಿದ್ದಂತೆ ಅವನ ಮೇಲೆ ಎರಗುತ್ತಾಳೆ, ಈಗ ಗಿನ್‌ನ ವೈಸ್ ಕ್ಯಾಪ್ಟನ್ ಆಗಿರುವ ಕಿರಾ ಅಡ್ಡ ಬರುತ್ತಾನೆ, ಹಿತ್ಸುಗಾಯಾ ಇಬ್ಬರನ್ನೂ ಸೆರೆಗೆ ಕಳಿಸುತ್ತಾನೆ. ಯಾವುದೂ ಅಪಘಾತವಲ್ಲ. ಸೆರೆಯಲ್ಲಿ ಒಂಟಿಯಾಗಿ, ಅಳುತ್ತಾ, ಯಾರೊಡನೆಯೂ ವಿಚಾರಿಸಲಾಗದೆ ಕುಳಿತಾಗಲೇ ಕಾಗದ ಅವಳ ಕೈಸೇರಬೇಕಿತ್ತು.

ಕಾಗದವೇ ಈ ಇಡೀ ಪ್ರಕರಣದ ಮುಖ್ಯ ಯಂತ್ರ, ಅದನ್ನು ಬಿಡಿಬಿಡಿಯಾಗಿ ನೋಡಬೇಕು. ಅದು ಸಿಕ್ಕಿದ್ದು ಐಝೆನ್ ಕೋಣೆಯಲ್ಲಿ, ಹಿತ್ಸುಗಾಯಾನ ವೈಸ್ ಕ್ಯಾಪ್ಟನ್ ರಂಗಿಕು ಮತ್ಸುಮೊತೊ ಕೈಗೆ. ಹಿನಾಮೊರಿಗೆಂದೇ ಬರೆದದ್ದು. ತಂದುಕೊಟ್ಟವನು ಹಿತ್ಸುಗಾಯಾ, ಒಡೆದು ಓದದೆ, ಮರ್ಯಾದಸ್ಥನಂತೆ. ಒಳಗೇನಿತ್ತು? ದಂಡನೆಯ ನಿಜವಾದ ಉದ್ದೇಶ ರುಕಿಯಾ ಅಲ್ಲ, ಸೋಕ್ಯೋಕು ಎಂಬ ವಧಾಯುಧದ ಶಕ್ತಿ. ಅದನ್ನು ಕಬಳಿಸಲು ಹೊರಟವನು ಹಿತ್ಸುಗಾಯಾ. ಅವನನ್ನು ಈ ರಾತ್ರಿ ಪೂರ್ವದ ಗೋಡೆಯ ಬಳಿ ಕರೆದಿದ್ದೇನೆ. ನಾನು ಸತ್ತರೆ ನನ್ನ ಕೆಲಸ ನೀನು ಮುಗಿಸು, ಇದು ಕ್ಯಾಪ್ಟನ್‌ನ ಆಜ್ಞೆಯಲ್ಲ, ಒಬ್ಬ ಮನುಷ್ಯನ ಬೇಡಿಕೆ.

ಇದರಲ್ಲಿ ಮೂರು ಬೀಗಗಳಿವೆ. ಸುತ್ತಲಿದ್ದವರ ಪೈಕಿ ಅವಳನ್ನು ನಿಜವಾಗಿ ಕಾಪಾಡಬಲ್ಲವನೇ ಅಪರಾಧಿಯಾದ್ದರಿಂದ ಸತ್ಯ ಕೇಳಲು ಅವಳಿಗೆ ಯಾರೂ ಉಳಿಯುವುದಿಲ್ಲ. ಆಜ್ಞೆಯಾಗಿದ್ದರೆ ಮೀರಬಹುದಿತ್ತು; ಸತ್ತವನ ಕೊನೆಯ ಆಸೆಯನ್ನು ಮೀರುವುದು ಹೇಗೆ? ಮೂರನೆಯದು ಅಕ್ಷರ. ಯಾರೋ ಕಾಗದ ತಿದ್ದಿರಬೇಕು ಎಂದು ಹಿತ್ಸುಗಾಯಾ ವಾದಿಸಿದಾಗ, ಅದು ಐಝೆನ್ ಕ್ಯಾಪ್ಟನ್‌ನದೇ ಕೈಬರಹ, ತಪ್ಪಲು ಸಾಧ್ಯವಿಲ್ಲ ಎನ್ನುತ್ತಾಳೆ ಹಿನಾಮೊರಿ. ಅವಳು ಹೇಳಿದ್ದು ನೂರಕ್ಕೆ ನೂರು ನಿಜ. ಕಾಗದ ಖೋಟಾ ಅಲ್ಲ. ಬರೆದವನು ಯಾರು ಎಂಬ ಪ್ರಶ್ನೆಗೆ ಉತ್ತರ ಸಿಕ್ಕಿದ ಕೂಡಲೇ, ಬರೆದದ್ದು ನಿಜವೇ ಎಂಬ ಪ್ರಶ್ನೆಯನ್ನು ಅವಳು ಕೇಳುವುದೇ ಇಲ್ಲ. ಅವಳ ಲೆಕ್ಕದಲ್ಲಿ ಎರಡೂ ಒಂದೇ ಪ್ರಶ್ನೆ. ಇಲ್ಲಿ ಕ್ಯೋಕಾ ಸುಯಿಗೆತ್ಸು ಒರೆಯಿಂದ ಹೊರಗೇ ಬಂದಿಲ್ಲ, ನೆನಪಿರಲಿ.

ಮುಂದಿನದು ಬೇಗ ನಡೆದುಹೋಗುತ್ತದೆ. ಸೆರೆಯಿಂದ ತಪ್ಪಿಸಿಕೊಂಡು ಬಾಲ್ಯಸ್ನೇಹಿತನ ಮೇಲೆಯೇ ಕತ್ತಿ ಎತ್ತುತ್ತಾಳೆ, ಬಿದ್ದು ಪ್ರಜ್ಞೆ ತಪ್ಪುತ್ತಾಳೆ. ಎಚ್ಚರವಾದ ಮೇಲೆ ಹಿತ್ಸುಗಾಯಾ ಹಾಕಿಸಿದ ರಕ್ಷಣೆಯ ಬೇಲಿಯಿಂದಲೂ ನುಸುಳಿ ಅವನನ್ನೇ ಹಿಂಬಾಲಿಸುತ್ತಾಳೆ. ಗಿನ್ ಅವಳನ್ನು ಸೆಂಟ್ರಲ್ 46ರ ವಾಸಸ್ಥಾನದೊಳಗೆ ಕರೆದೊಯ್ಯುತ್ತಾನೆ. ಅಲ್ಲಿ ಜೀವಂತ ಐಝೆನ್. ತಲೆ ಸವರುತ್ತಾನೆ, ಅಪ್ಪಿಕೊಳ್ಳುತ್ತಾನೆ, ಕೃತಜ್ಞತೆ ಹೇಳುತ್ತಾನೆ, ಇರಿಯುತ್ತಾನೆ. ಇದು 20ನೇ ಸಂಪುಟ. ಆಮೇಲೆ ಹಿತ್ಸುಗಾಯಾಗೆ ಕೊಡುವ ವಿವರಣೆ ಇರಿತಕ್ಕಿಂತ ಕ್ರೂರ: ತಾನಿಲ್ಲದೆ ಬದುಕಲಾರದ ಹಾಗೆ ಅವಳನ್ನು ಬೆಳೆಸಿದ್ದು ತಾನೇ, ಆದ್ದರಿಂದ ಕೊಂದದ್ದು ಕರುಣೆಯಂತೆ.

ಅವಳು ಬದುಕಿದಳು. ಆದರೂ ಚೇತರಿಸಿಕೊಂಡ ಮೇಲೆ ಹಿತ್ಸುಗಾಯಾ ಹತ್ತಿರ ಅವಳು ಬೇಡಿಕೊಂಡದ್ದು ಐಝೆನ್ ಕ್ಯಾಪ್ಟನ್‌ನನ್ನು ಕಾಪಾಡು ಎಂದು. ಅವನನ್ನು ಗಿನ್ ಮೋಸದಿಂದ ಎಳೆದುಕೊಂಡು ಹೋಗಿರಬೇಕು ಎಂದು. ಓದುಗರು ಸಿಟ್ಟಾಗುವುದು, ಹಿನಾಮೊರಿಯನ್ನು ದಡ್ಡಿ ಎಂದು ಆಡಿಕೊಳ್ಳುವುದು ಇಲ್ಲೇ. ಅನ್ಯಾಯದ ಮಾತು. ಇರಿತಕ್ಕೆ ಮದ್ದಿದೆ, ಹತ್ತಾರು ವರ್ಷ ಕಟ್ಟಿದ ನಂಬಿಕೆಯನ್ನು ಒಂದು ವಾರದಲ್ಲಿ ಕಿತ್ತು ಹಾಕಲು ನಾಲ್ಕನೇ ದಳದಲ್ಲೂ ಚಿಕಿತ್ಸೆಯಿಲ್ಲ. ಕುಬೊ ಇದನ್ನು ಮುಚ್ಚಿಡದೆ ಬರೆದದ್ದೇ ದೊಡ್ಡದು.

"ಸರಿ, ಮೊದಲಿಂದಲೇ ಅನುಮಾನ ಇಟ್ಟುಕೊಂಡಿದ್ದರೆ ಸಾಕಿತ್ತಲ್ಲ" ಎನ್ನುವವರು 36 ಮತ್ತು 37ನೇ ಸಂಪುಟಗಳನ್ನು ತೆಗೆಯಬೇಕು. ಅಧ್ಯಾಯಗಳ ಸಂಖ್ಯೆ ಅಲ್ಲಿ ಋಣಾತ್ಮಕವಾಗುತ್ತದೆ, −108ರಿಂದ −97ರವರೆಗೆ. ಕಥೆ 110 ವರ್ಷ ಹಿಂದಕ್ಕೆ ಹೋಗುತ್ತದೆ. ಆಗ ಐದನೇ ದಳದ ಕ್ಯಾಪ್ಟನ್ ಶಿಂಜಿ ಹಿರಾಕೊ, ವೈಸ್ ಕ್ಯಾಪ್ಟನ್ ಐಝೆನ್. ಹಿರಾಕೊಗೆ ಅವನ ಮೇಲೆ ಮೊದಲಿನಿಂದಲೂ ಗುಮಾನಿ. ಕಣ್ಣಳತೆಯಲ್ಲಿ ಇರಲಿ ಎಂದೇ ಪಕ್ಕದಲ್ಲಿ ಇರಿಸಿಕೊಂಡವನು. ಏನಾಯಿತು? ಒಂದು ತಿಂಗಳ ಕಾಲ ಅವನ ಹಿಂದೆ ನಡೆದದ್ದು ಐಝೆನ್ ಅಲ್ಲ, ಐಝೆನ್‌ನಂತೆ ಕಾಣುತ್ತಿದ್ದ ಬೇರೊಬ್ಬ. ಹಿರಾಕೊಗೆ ತಿಳಿಯಲೇ ಇಲ್ಲ. ಕಾರಣವನ್ನು ಐಝೆನ್ ಬಾಯಲ್ಲೇ ಕುಬೊ ಹೇಳಿಸುತ್ತಾರೆ: ಅನುಮಾನದಿಂದ ಹಿರಾಕೊ ಅವನನ್ನು ದೂರವೇ ಇಟ್ಟಿದ್ದ, ಮನಸ್ಸು ಬಿಚ್ಚಲಿಲ್ಲ, ಅವನ ಬಗ್ಗೆ ತಿಳಿಯಲೂ ಹೋಗಲಿಲ್ಲ. ಹತ್ತಿರದಿಂದ ಬಲ್ಲವನಾಗಿದ್ದರೆ ನಡಿಗೆಯಲ್ಲೋ ಮಾತಿನಲ್ಲೋ ವ್ಯತ್ಯಾಸ ಹಿಡಿಯುತ್ತಿದ್ದ.

ಹಿನಾಮೊರಿ ಪೂಜಿಸಿದಳು, ಹಿರಾಕೊ ಶಂಕಿಸಿದ. ಇಬ್ಬರೂ ನೋಡಲಿಲ್ಲ. ಪೂಜೆಗೂ ಶಂಕೆಗೂ ಒಂದಷ್ಟು ದೂರ ಬೇಕು. ಐಝೆನ್ ಬಾಳಿದ್ದೇ ಆ ದೂರದಲ್ಲಿ.

ಹಾಗಾದರೆ ಅವನನ್ನು ಹಿಡಿಯುವ ಹತ್ತಿರ ಬಂದವರು ಯಾರು? ನಾಲ್ಕನೇ ದಳದ ವೈದ್ಯೆ ರೆತ್ಸು ಉನೊಹಾನಾ. ಹೆಣ ಪರೀಕ್ಷಿಸಿದವಳು ಅವಳು. ಇಂದ್ರಿಯಗಳೆಲ್ಲ ಅದು ಐಝೆನ್ ಎಂದೇ ಹೇಳುತ್ತಿದ್ದರೂ ಎಲ್ಲೋ ಒಂದು ಎಳೆ ಹೊಂದುತ್ತಿಲ್ಲ ಎಂದು ಅವಳಿಗೆ ಹೊಳೆಯಿತು. ಇಷ್ಟು ನಿಖರವಾದ ಹೆಣ ಹೂಡಿದವನು ಅಡಗಿರುವುದಾದರೆ, ಯಾರೂ ಕಾಲಿಡಬಾರದ ಏಕೈಕ ಜಾಗದಲ್ಲೇ ಅಡಗಿರಬೇಕು ಎಂದು ತರ್ಕಿಸಿ ನೇರ ಸೆಂಟ್ರಲ್ 46ಕ್ಕೆ ಬಂದಳು. ಅವಳ ವೈಸ್ ಕ್ಯಾಪ್ಟನ್ ಇಸಾನೆ ಸುದ್ದಿಯನ್ನು ಕ್ಷಣದಲ್ಲಿ ಎಲ್ಲರಿಗೂ ಮುಟ್ಟಿಸಿದಳು. ತಡವಾಗಿತ್ತು, ಐಝೆನ್ ಅಷ್ಟರಲ್ಲಿ ಸೋಕ್ಯೋಕು ಗುಡ್ಡ ತಲುಪಿದ್ದ. ಆದರೂ ದಾರಿ ಅದೇ: ಅವನ ಮೇಲಿನ ಪ್ರೀತಿಯೋ ದ್ವೇಷವೋ ಅಲ್ಲ, ಕೈಯಲ್ಲಿರುವ ವಸ್ತುವಿನ ಬಗ್ಗೆ ವೃತ್ತಿಯ ಅರಿವು.

ಇನ್ನೊಬ್ಬ ಗಿನ್. ಆ 'ತೋಳ' ಬಾಲ್ಯದಿಂದಲೇ ಐಝೆನ್‌ನನ್ನು ಕೊಲ್ಲಲೆಂದು ಅವನ ಪಕ್ಕ ನಿಂತಿದ್ದವನು, ಮತ್ಸುಮೊತೊಗೆ ಆದ ಅನ್ಯಾಯಕ್ಕೆ ಪ್ರತೀಕಾರವಾಗಿ. ಕ್ಯೋಕಾ ಸುಯಿಗೆತ್ಸುವಿನಿಂದ ಪಾರಾಗುವ ಉಪಾಯ ಅವನೊಬ್ಬನಿಗೇ ಗೊತ್ತಿತ್ತು: ಕಣ್ಕಟ್ಟು ಆರಂಭವಾಗುವ ಮೊದಲೇ ಅದರ ಅಲಗನ್ನು ಮುಟ್ಟಿರಬೇಕು. ಆ ಒಂದು ಮಾತನ್ನು ಐಝೆನ್ ಬಾಯಿಂದ ಹೊರಡಿಸಲು ದಶಕಗಳೇ ಹಿಡಿದವು. ಐಝೆನ್ ವಶದಲ್ಲಿದ್ದ ಹೋಗ್ಯೋಕು ಎಂಬ ಮಾಯಾಮಣಿ ಅವನನ್ನು ಉಳಿಸಿತು, ಗಿನ್ ಸತ್ತ. ಅವನೂ ಶಿಷ್ಯನೇ, ಆದರೆ ಗುರುವನ್ನು ದಿನವೂ ಹತ್ತಿರದಿಂದ ಗಮನಿಸಿದ ಶಿಷ್ಯ.

ಕರಾಕುರಾ ಎಂಬ ಊರಿನ ಕೃತಕ ನಕಲಿನಲ್ಲಿ ನಡೆದ ಕಾಳಗದಲ್ಲಿ ಇಷ್ಟೆಲ್ಲ ಗೊತ್ತಿದ್ದೂ ಕ್ಯಾಪ್ಟನ್‌ಗಳು ಮತ್ತೆ ಬಿದ್ದರು. ಐಝೆನ್ ಎಂದುಕೊಂಡು ಹಿತ್ಸುಗಾಯಾ ಇರಿದದ್ದು ಹಿನಾಮೊರಿಯನ್ನು. ಕಣ್ಕಟ್ಟಿದೆ ಎಂದು ತಿಳಿದಿರುವುದು ಬೇರೆ, ಈ ಗಳಿಗೆಯಲ್ಲಿ ಅದು ನಡೆಯುತ್ತಿದೆಯೇ ಎಂದು ತಿಳಿಯುವುದು ಬೇರೆ. ಬಿಡುಗಡೆಯನ್ನು ಎಂದೂ ನೋಡದಿದ್ದ ಕಥಾನಾಯಕ ಇಚಿಗೊ ಒಬ್ಬನನ್ನು ಮಾತ್ರ ಅವರು ಸುತ್ತುಗಟ್ಟಿ ಕಾಯಲು ಹೊರಟದ್ದು ಸರಿಯಾದ ಲೆಕ್ಕಾಚಾರವೇ. ಹಿತ್ಸುಗಾಯಾನ ಸಿಟ್ಟು ಅದನ್ನು ಕೆಡಿಸಿತು.

ಮತ್ತೆ ಓದುವವರಿಗೆ ಒಂದೆರಡು ಸೂಚನೆ. ಹೆಣ ಸಿಗುವುದಕ್ಕೆ ಮುಂಚಿನ ಐಝೆನ್ ಮಾತುಗಳನ್ನಷ್ಟೇ ಆರಿಸಿ ಓದಿ. ಒಂದರಲ್ಲೂ ಅವನು ತನ್ನ ಬಗ್ಗೆ ಏನೂ ಹೇಳುವುದಿಲ್ಲ, ಎದುರಿನವರ ಕಳವಳವನ್ನೇ ಅವರಿಗೆ ತಿರುಗಿಸಿ ಕೊಡುತ್ತಾನೆ. ಅನಿಮೆ ನೋಡುವವರು 63ನೇ ಕಂತು ಮುಗಿದೊಡನೆ 64ರಿಂದ 109ರವರೆಗಿನ ಬೌಂಟ್ ಕಥೆಯನ್ನು ಹಾರಿಸಿದರೆ ನಷ್ಟವಿಲ್ಲ, ಅದು ಮಾಂಗಾದಲ್ಲಿ ಇಲ್ಲ. ಋಣಾತ್ಮಕ ಅಧ್ಯಾಯಗಳನ್ನು ಮಾತ್ರ ಕಾಲಾನುಕ್ರಮ ಎಂದುಕೊಂಡು ಮೊದಲೇ ಓದಬೇಡಿ. ಅವುಗಳ ಜಾಗ 315ನೇ ಅಧ್ಯಾಯದ ನಂತರ, ಮೊದಲೇ ಓದಿದರೆ 20ನೇ ಸಂಪುಟದ ಪೆಟ್ಟು ಪೊಳ್ಳಾಗುತ್ತದೆ.

ಐಝೆನ್‌ಗೆ ಹೊಸ ಸೆಂಟ್ರಲ್ 46 ಮೊದಲು 18,800 ವರ್ಷ ಸೆರೆ ವಿಧಿಸಿತು. ಸಭೆಯಲ್ಲೇ ಅವರನ್ನು ಹೀಯಾಳಿಸಿದ್ದಕ್ಕೆ ಅದು 20,000 ಆಯಿತು. ಐದನೇ ದಳಕ್ಕೆ ಕ್ಯಾಪ್ಟನ್ ಆಗಿ ಹಿರಾಕೊ ಮರಳಿ ಬಂದ. ಅವನ ವೈಸ್ ಕ್ಯಾಪ್ಟನ್ ಹಿನಾಮೊರಿಯೇ.