ಸ್ಟ್ರಕ್ಚರಲ್ ಡ್ರಾಫ್ಟಿಂಗ್ ಶುರುಮಾಡೋಕೆ ಶಿವಮೊಗ್ಗವೋ ಬೆಂಗಳೂರೋ?

ಐಟಿಐ ಡ್ರಾಫ್ಟ್ಸ್‌ಮನ್ ಸಿವಿಲ್ ಅಥವಾ ಡಿಪ್ಲೊಮಾ ಮುಗಿಸಿದ ನಮ್ಮ ಕಡೆಯ ಹುಡುಗ ಹುಡುಗಿಯರ ಮುಂದೆ ಸ್ಟ್ರಕ್ಚರಲ್ ಡ್ರಾಫ್ಟಿಂಗ್‌ಗೆ, ಅಂದರೆ ಕಟ್ಟಡದ ಕಾಲಂ, ಬೀಮ್, ಕಂಬಿಗಳ ಡ್ರಾಯಿಂಗ್ ಮಾಡುವ ಕೆಲಸಕ್ಕೆ, ಸಾಮಾನ್ಯವಾಗಿ ಮೂರು ದಾರಿ ಇರುತ್ತವೆ. ಶಿವಮೊಗ್ಗದಲ್ಲೇ ಒಂದು ಕ್ಯಾಡ್ (ಕಂಪ್ಯೂಟರ್‌ನಲ್ಲಿ ಡ್ರಾಯಿಂಗ್) ಕೋರ್ಸ್ ಸೇರುವುದು, ಸ್ಟ್ರಕ್ಚರಲ್ ಕನ್ಸಲ್ಟೆಂಟ್ ಒಬ್ಬರ ಆಫೀಸಿನಲ್ಲಿ ಕಡಿಮೆ ಸಂಬಳಕ್ಕೆ ಕೂರುವುದು, ಇಲ್ಲವೇ ಜನಶತಾಬ್ದಿ ಹತ್ತಿ ಬೆಂಗಳೂರಿನ ಸ್ಟೀಲ್ ಡೀಟೇಲಿಂಗ್ ಕಂಪನಿ (ಉಕ್ಕಿನ ಕಟ್ಟಡದ ಬಿಡಿಭಾಗಗಳ ಡ್ರಾಯಿಂಗ್ ಮಾಡುವ ಕಂಪನಿ) ಹುಡುಕುವುದು. ಮೂರನ್ನೂ ಮಾಡಿ ನೋಡಿದ್ದೇನೆ. ನನ್ನ ಮಾತು ಇಷ್ಟು: ಮೊದಲ ಕೆಲಸ ಶಿವಮೊಗ್ಗದ ಸಣ್ಣ ಆಫೀಸಿನಲ್ಲೇ ಆಗಲಿ, ಆದರೆ ಅದು ನಿಮ್ಮನ್ನು ಸೈಟಿಗೆ ಕಳಿಸುವ ಆಫೀಸ್ ಆಗಿರಬೇಕು.

ಕೋರ್ಸ್ ಬಗ್ಗೆ ಹೇಳುವುದು ಕಡಿಮೆ. ಲೈನ್, ಆಫ್‌ಸೆಟ್, ಟ್ರಿಮ್, ಲೇಯರ್, ಡೈಮೆನ್ಷನ್ ಎಲ್ಲ ಬರುತ್ತೆ, ಕೈ ಓಡುತ್ತೆ. ಆದರೆ ಅಭ್ಯಾಸಕ್ಕೆ ಕೊಡುವುದು ಬಹುತೇಕ ಮನೆ ಪ್ಲ್ಯಾನ್‌ಗಳೇ. ಕಾಲಂ ಶೆಡ್ಯೂಲ್ (ಯಾವ ಕಾಲಂಗೆ ಯಾವ ಸೈಜು, ಎಷ್ಟು ಕಂಬಿ ಎನ್ನುವ ಪಟ್ಟಿ) ಅಥವಾ ಬೀಮ್ ಸೆಕ್ಷನ್ ಬರೆಸಿದ್ದು ನನಗೆ ನೆನಪಿಲ್ಲ. ಎರಡು ವರ್ಷದ ಐಟಿಐನಲ್ಲಿ ಆಟೋಕ್ಯಾಡ್ ಚೆನ್ನಾಗಿ ಕಲಿತವರು ಇದಕ್ಕೆ ಮತ್ತೆ ದುಡ್ಡು ಸುರಿಯಬೇಡಿ. ಇನ್ನೂ ಓದುತ್ತಿರುವವರಿಗೆ ಆಟೋಡೆಸ್ಕ್‌ನವರ ವಿದ್ಯಾರ್ಥಿ ಆವೃತ್ತಿ ಉಚಿತವಾಗಿ ಸಿಗುತ್ತದೆ, ಮನೆಯಲ್ಲೇ ಕೈ ಪಳಗಿಸಿಕೊಳ್ಳಬಹುದು.

ಕನ್ಸಲ್ಟೆಂಟ್ ಆಫೀಸಿನ ಕಥೆ ಬೇರೆ. ಅಲ್ಲಿ ಇಂಜಿನಿಯರ್ ಲೆಕ್ಕ ಹಾಕಿ ಒಂದು ಹಾಳೆಯಲ್ಲಿ ಸೈಜು, ಕಂಬಿ ಬರೆದು ಕೊಡುತ್ತಾರೆ, ಅದನ್ನು ಮೇಸ್ತ್ರಿಗೆ ಅರ್ಥವಾಗುವ ಡ್ರಾಯಿಂಗ್ ಮಾಡುವುದು ನಮ್ಮ ಕೆಲಸ. ಕವರ್, ಅಂದರೆ ಕಂಬಿಯ ಹೊರಗೆ ಇರಬೇಕಾದ ಕಾಂಕ್ರೀಟಿನ ದಪ್ಪ, ಎಷ್ಟು ಅಂತ ಬಾಯಿಪಾಠ ಬೇಗ ಆಗುತ್ತದೆ: ಫುಟಿಂಗ್‌ಗೆ (ಕಾಲಂ ಕೆಳಗಿನ ಪಾಯಕ್ಕೆ) 50 ಎಂಎಂ, ಕಾಲಂಗೆ 40, ಬೀಮ್‌ಗೆ 25, ಸ್ಲ್ಯಾಬ್‌ಗೆ 20. ಆದರೆ ಆ ಅಂಕಿಗಳು ಒಂದಕ್ಕೊಂದು ಡಿಕ್ಕಿ ಹೊಡೆಯುವುದು ಸೈಟಿನಲ್ಲಿ ನಿಂತಾಗಲೇ ಕಾಣುವುದು.

ತೀರ್ಥಹಳ್ಳಿ ಕಡೆಯ ಒಂದು ಮನೆ. 230 ಎಂಎಂ ಅಗಲದ ಕಾಲಂ, ಅದರ ಮೇಲೆ 230 ಅಗಲದ್ದೇ ಬೀಮ್. ಬೀಮ್‌ನ ಕೆಳಗೆ 16 ಎಂಎಂನ ನಾಲ್ಕು ಕಂಬಿ. ಬೀಮ್‌ನ ಒಳಗೆ ಅವು ಆರಾಮಾಗಿ ಕೂರುತ್ತವೆ, ಕಂಬಿ ಕಂಬಿ ನಡುವೆ 33 ಎಂಎಂ ಜಾಗ. ಕಾಲಂ ಹತ್ತಿರ ಬಂದರೆ ಕಥೆಯೇ ಬೇರೆ. ಕಾಲಂನ ಕವರ್ 40, ಕಂಬಿಗಳನ್ನು ಸುತ್ತುವ ರಿಂಗ್ 8, ಮೂಲೆ ಕಂಬಿ 16. ಎರಡೂ ಬದಿ ಕಳೆದರೆ ಮಧ್ಯೆ ಉಳಿಯುವುದು 102 ಎಂಎಂ. ಬೀಮ್‌ನ ನಾಲ್ಕೂ ಕಂಬಿ ಅದರೊಳಗೇ ತೂರಬೇಕು, ನಡುವೆ 13 ಎಂಎಂ ಕೂಡ ಸಿಗುವುದಿಲ್ಲ. 20 ಎಂಎಂ ಜಲ್ಲಿ ಕೆಳಗೆ ಇಳಿಯುವುದಾದರೂ ಹೇಗೆ? ಬಾರ್ ಬೆಂಡರ್ ಅಣ್ಣ ಬಾಯಲ್ಲಿ ಏನೂ ಹೇಳದೆ ಒಂದು ಜಲ್ಲಿ ಎತ್ತಿ ಆ ಸಂದಿಗೆ ಇಟ್ಟು ತೋರಿಸಿದರು. ಅದು ಅಲ್ಲೇ ಸಿಕ್ಕಿಕೊಂಡಿತು. ಇಂಜಿನಿಯರ್ ಸಾರ್‌ಗೆ ಫೋನ್ ಮಾಡಿದೆವು, ಎರಡು ಕಂಬಿಯನ್ನು ಮೇಲಿನ ಸಾಲಿಗೆ ಏರಿಸಿದರು. ಅವತ್ತಿನಿಂದ ಜಂಕ್ಷನ್ ಇದ್ದಲ್ಲೆಲ್ಲ 1:10 ಸ್ಕೇಲ್‌ನಲ್ಲಿ ದೊಡ್ಡದಾಗಿ ಬರೆದು ನೋಡಿಯೇ ಶೀಟ್ ಕೊಡುತ್ತೇನೆ.

ಮಲೆನಾಡಿನ ಕೆಲಸವೇ ದೊಡ್ಡ ಪಾಠ. ಬಯಲುಸೀಮೆಯಲ್ಲಿ ಸಮತಟ್ಟು ಸೈಟ್, ಸಮತಟ್ಟು ಸ್ಲ್ಯಾಬ್. ಹೊಸನಗರ, ಸಾಗರದ ಕಡೆ ಧರೆ ಕಡಿದು ಜಾಗ ಮಾಡಿರುತ್ತಾರೆ. ಹಾಗಾಗಿ ಫುಟಿಂಗ್‌ಗಳ ಮಟ್ಟ ಒಂದೊಂದು ಕಡೆ ಒಂದೊಂದು, ಹಿಂದೆ ಮಣ್ಣು ತಡೆಯುವ ರಿಟೇನಿಂಗ್ ವಾಲ್ ಬೇಕೇ ಬೇಕು. ಆ ಗೋಡೆಯ ಮೇನ್ ಕಂಬಿ ಮಣ್ಣಿನ ಕಡೆಯ ಮುಖದಲ್ಲಿರಬೇಕು, ನೀರು ಹೊರಬರಲು ತೂತುಗಳಿರಬೇಕು. ನಮ್ಮ ಮಳೆಗೆ ಇವೆರಡೂ ಡ್ರಾಯಿಂಗ್‌ನಲ್ಲಿ ಎದ್ದು ಕಾಣಬೇಕು. ಸೂರು ಇಳಿಜಾರು ಕಾಂಕ್ರೀಟ್, ಮೇಲೆ ಮಂಗಳೂರು ಹೆಂಚು. ಪ್ಲ್ಯಾನ್‌ನಲ್ಲಿ 4 ಮೀಟರ್ ಕಾಣುವ ಕಂಬಿ 30 ಡಿಗ್ರಿ ಇಳಿಜಾರಿನಲ್ಲಿ 4.62 ಮೀಟರ್ ಆಗುತ್ತದೆ. ಇದನ್ನು ಬಿಟ್ಟು ಬಿಬಿಎಸ್ (ಬಾರ್ ಬೆಂಡಿಂಗ್ ಶೆಡ್ಯೂಲ್, ಅಂದರೆ ಯಾವ ಕಂಬಿ ಎಷ್ಟು ಉದ್ದ, ಎಷ್ಟು ಬೇಕು ಎನ್ನುವ ಪಟ್ಟಿ) ಮಾಡಿದರೆ ಕಂಬಿ ಕಡಿದಾದ ಮೇಲೆ ಗೋಳು.

ಬಿಬಿಎಸ್ ನನಗೆ ತುಂಬ ಇಷ್ಟವಾದ ಕೆಲಸ. ಎಂಎಂನಲ್ಲಿರುವ ವ್ಯಾಸದ ವರ್ಗವನ್ನು 162ರಿಂದ ಭಾಗಿಸಿದರೆ ಮೀಟರಿಗೆ ಎಷ್ಟು ಕೆಜಿ ಅಂತ ಬರುತ್ತದೆ. 12 ಎಂಎಂಗೆ 0.89, 16ಕ್ಕೆ 1.58. ಕಂಬಿ ಬರುವುದು 12 ಮೀಟರ್ ಉದ್ದ. 4.2 ಮೀಟರ್ ತುಂಡು ಕಡಿದರೆ ಎರಡೇ ಸಿಗುತ್ತವೆ, ಉಳಿದ 3.6 ಮೀಟರ್ ಎಲ್ಲಿ ಹಾಕುವುದೆಂದು ನಾವೇ ಯೋಚಿಸಬೇಕು. ಮನೆ ಕಟ್ಟಿಸುವವರು ಅಡಿಕೆ ಮಾರಿದ ದುಡ್ಡಲ್ಲಿ ಕಂಬಿ ತಂದಿರುತ್ತಾರೆ. ಅದು ಗುಜರಿಗೆ ಹೋಗಬಾರದು.

ಇನ್ನು ಬೆಂಗಳೂರು. ಅಲ್ಲಿ ಟೆಕ್ಲಾ ಎಂಬ 3ಡಿ ಸಾಫ್ಟ್‌ವೇರ್. ಗೆರೆ ಎಳೆಯುವುದಿಲ್ಲ, ಕಟ್ಟಡವನ್ನೇ ಮಾಡೆಲ್ ಮಾಡುತ್ತೇವೆ, ಶಾಪ್ ಡ್ರಾಯಿಂಗ್ (ಫ್ಯಾಕ್ಟರಿಯಲ್ಲಿ ತುಂಡುಗಳನ್ನು ತಯಾರಿಸಲು ಬೇಕಾದ ಡ್ರಾಯಿಂಗ್) ಅದರಿಂದ ಹೊರಬರುತ್ತದೆ. ಒಂದು ಬೀಮ್ ಸರಿಸಿದರೆ ಸಂಬಂಧಪಟ್ಟ ಶೀಟೆಲ್ಲ ಬದಲಾಗುತ್ತವೆ, ಒಂದಕ್ಕೊಂದು ಎಲ್ಲಿ ತಾಗುತ್ತದೆ ಅಂತ ಸಾಫ್ಟ್‌ವೇರೇ ಹುಡುಕಿ ಕೊಡುತ್ತದೆ. ನಾನಿದ್ದ ಕಡೆ ಬಹುಪಾಲು ಅಮೆರಿಕದ ಕೆಲಸ, ಲೆಕ್ಕವೆಲ್ಲ ಅಡಿ-ಇಂಚು. ಸ್ಟೀಲ್ ಬೀಮ್‌ಗಳಲ್ಲಿ ನಮ್ಮ ಐಎಸ್‌ಎಂಬಿ 300 ಅಂದರೆ 300 ಎಂಎಂ ಎತ್ತರ; ಅವರ ಡಬ್ಲ್ಯೂ 12x26 ಅಂದರೆ ಸುಮಾರು 12 ಇಂಚು ಎತ್ತರ, ಅಡಿಗೆ 26 ಪೌಂಡ್ ತೂಕ. ಕೆಲದಿನ ಕಣ್ಣು ಗೊಂದಲವಾಗುತ್ತದೆ, ಆಮೇಲೆ ಸರಿಹೋಗುತ್ತದೆ.

ಶಿಸ್ತಿನ ವಿಷಯದಲ್ಲಿ ಬೆಂಗಳೂರೇ ಮೇಲು, ಇದನ್ನು ಒಪ್ಪಲೇಬೇಕು. ಮಾಡೆಲರ್, ಎಡಿಟರ್ (ಡ್ರಾಯಿಂಗ್ ತಿದ್ದುವವರು), ಚೆಕರ್ ಎಂದು ಕೆಲಸ ಹಂಚಿರುತ್ತದೆ. ಚೆಕರ್ ನೋಡದೆ ಒಂದು ಶೀಟೂ ಹೊರಗೆ ಹೋಗುವುದಿಲ್ಲ, ಪ್ರತಿ ಬದಲಾವಣೆಗೂ ರಿವಿಷನ್ ನಂಬರ್, ಬದಲಾದ ಜಾಗದ ಸುತ್ತ ಮೋಡದ ಆಕಾರದ ಗೆರೆ. ನಮ್ಮೂರ ಆಫೀಸುಗಳಲ್ಲಿ ಹಳೇ ಪ್ರಿಂಟೂ ಹೊಸ ಪ್ರಿಂಟೂ ಒಂದೇ ಸೈಟಿನಲ್ಲಿ ಓಡಾಡುವುದನ್ನು ಕಂಡವರಿಗೆ ಇದರ ಬೆಲೆ ಗೊತ್ತು. ಮೇಲೇರುವ ಮೆಟ್ಟಿಲೂ ಅಲ್ಲಿ ಸ್ಪಷ್ಟ. ಆದರೆ ನೀವು ಮಾಡೆಲ್ ಮಾಡಿದ ಗೋದಾಮನ್ನು ನೀವು ಯಾವತ್ತೂ ನೋಡುವುದಿಲ್ಲ. ಬೋಲ್ಟ್ ಬಿಗಿಯುವವನ ಸ್ಪ್ಯಾನರ್‌ಗೆ ಜಾಗ ಇದೆಯೋ ಇಲ್ಲವೋ ಅನ್ನುವ ಪ್ರಶ್ನೆ, ಮೊದಲೇ ಸೈಟ್ ತುಳಿದವರಿಗೆ ತಾನಾಗಿ ಏಳುತ್ತದೆ. ನೇರವಾಗಿ ಟೆಕ್ಲಾಗೆ ಬಂದ ಗೆಳೆಯರು ಅದನ್ನು ಚೆಕರ್ ಬಾಯಿಂದ ಕೇಳಿ ಕಲಿಯಬೇಕಾಯಿತು.

ಸಂಬಳ ಬೆಂಗಳೂರಲ್ಲಿ ಜಾಸ್ತಿ, ನಿಜ. ಪಿಜಿ, ಊಟ, ಬಸ್ಸು ಕಳೆದರೆ ಮೊದಲ ವರ್ಷ ನನ್ನ ಕೈಯಲ್ಲಿ ಉಳಿದದ್ದು ಊರಲ್ಲಿ ಉಳಿಯುತ್ತಿದ್ದಷ್ಟೇ. ಅಂತರ ಕಾಣಿಸಿದ್ದು ಆಮೇಲೆ. ಮನೆಯಲ್ಲಿ ಸಾಲ ಇದ್ದು ತಕ್ಷಣ ದುಡಿಯಲೇಬೇಕಾದವರು ನೇರ ಬೆಂಗಳೂರಿಗೆ ಹೋದರೆ ನಾನು ಬೇಡ ಅನ್ನುವುದಿಲ್ಲ. ಐಟಿಐ ಮಾಡಿ ಇನ್ನೂ ಓದುವ ಆಸೆ ಇದ್ದವರು ಲ್ಯಾಟರಲ್ ಎಂಟ್ರಿಯಲ್ಲಿ ಡಿಪ್ಲೊಮಾದ ಎರಡನೇ ವರ್ಷಕ್ಕೇ ಸೇರಬಹುದು, ಅದನ್ನು ಮೊದಲು ಮುಗಿಸಿಕೊಳ್ಳಿ.

ಶಿವಮೊಗ್ಗದಲ್ಲಿ ಕೆಲಸ ಕೇಳುವಾಗ ಸಂಬಳದ ಜೊತೆಗೆ ಎರಡು ವಿಷಯ ಕೇಳಿ: ಬಿಬಿಎಸ್ ಆಫೀಸಿನಲ್ಲೇ ಮಾಡ್ತೀರಾ, ಕಂಬಿ ಚೆಕ್ಕಿಂಗ್‌ಗೆ ಸಾರ್ ಹೋಗುವಾಗ ನನ್ನನ್ನೂ ಕರೆದುಕೊಂಡು ಹೋಗ್ತೀರಾ. ಆಫೀಸಿನ ಕಪಾಟಿನಲ್ಲಿ ಐಎಸ್ 456 (ಕಾಂಕ್ರೀಟ್ ಕೆಲಸದ ಭಾರತೀಯ ಮಾನದಂಡ) ಮತ್ತು ಎಸ್‌ಪಿ 34 (ಕಂಬಿ ಡೀಟೇಲಿಂಗ್‌ನ ಕೈಪಿಡಿ) ಇವೆಯಾ ನೋಡಿ. ಎಸ್‌ಪಿ 34ರಲ್ಲಿ ಡೀಟೇಲಿಂಗ್ ಚಿತ್ರಸಮೇತ ಇದೆ, ಎರವಲು ಪಡೆದಾದರೂ ಓದಿ. ಸೇರುವುದಾದರೆ ದಸರಾ ಆಸುಪಾಸಿನಲ್ಲಿ ಸೇರಿ. ಮಳೆ ಬಿಟ್ಟು ಹೊಸ ಪಾಯ ತೋಡುವ ಹೊತ್ತು ಅದು, ಫುಟಿಂಗ್‌ನಿಂದ ಸೂರಿನವರೆಗೆ ಒಂದೇ ಮನೆಯನ್ನು ಮುಂದಿನ ಮಳೆಗಾಲದೊಳಗೆ ನೋಡಿ ಮುಗಿಸಬಹುದು.