ಗಾಂಧಿ ಪಾರ್ಕಿನಲ್ಲಿ ಗುಟ್ಟಾಗಿ ತೆಗೆಸಿದ ಪ್ರಪೋಸಲ್ ಫೋಟೋಗಳು: ಒಂದು ಸ್ಟುಡಿಯೋ ಸೇವೆಯ ವಿಮರ್ಶೆ

ಹುಡುಗಿಗೆ ಸುಳಿವೇ ಸಿಗದಂತೆ ಅವಳನ್ನು ಮದುವೆಗೆ ಕೇಳುವುದು, ಆ ಗಳಿಗೆಯನ್ನು ಮರೆಯಲ್ಲಿ ನಿಂತ ಫೋಟೋಗ್ರಾಫರ್ ಸೆರೆಹಿಡಿಯುವುದು ಈಗ ಶಿವಮೊಗ್ಗದ ಸ್ಟುಡಿಯೋಗಳಲ್ಲೂ ಸಿಗುವ ಸೇವೆ. ಕಳೆದ ಡಿಸೆಂಬರಿನಲ್ಲಿ ನನ್ನ ತಮ್ಮನಿಗಾಗಿ ದುರ್ಗಿಗುಡಿಯ ಒಂದು ಸ್ಟುಡಿಯೋದಲ್ಲಿ ಇದನ್ನು ಬುಕ್ ಮಾಡಿದ್ದೆ. ಇಬ್ಬರು ಫೋಟೋಗ್ರಾಫರು, ಸುಮಾರು ಒಂದು ಗಂಟೆಯ ಕೆಲಸ, ಎಡಿಟ್ ಮಾಡಿದ ಚಿತ್ರಗಳು ಮತ್ತು ಒಂದು ಚಿಕ್ಕ ವಿಡಿಯೋ ಸೇರಿ 9,000 ರೂಪಾಯಿ ಆಯಿತು. ಚಿತ್ರಗಳ ಮಟ್ಟಿಗೆ ಆ ಹಣ ಸಾರ್ಥಕ. ವಿಡಿಯೋದ ಬಗ್ಗೆ ಹಾಗೆ ಹೇಳಲಾರೆ.

ಇಂಥ ಕೆಲಸದಲ್ಲಿ ನಾವು ಹಣ ಕೊಡುವುದು ಕ್ಯಾಮೆರಾಕ್ಕಿಂತ ಹೆಚ್ಚಾಗಿ ಪೂರ್ವಸಿದ್ಧತೆಗೆ ಎಂಬುದು ನನ್ನ ಅಭಿಪ್ರಾಯ, ಮತ್ತು ಈ ಸ್ಟುಡಿಯೋದವರು ಗೆದ್ದದ್ದು ಅಲ್ಲಿಯೇ. ಗೊತ್ತುಮಾಡಿದ ದಿನಕ್ಕೆ ಮುಂಚೆಯೇ ಅವರು ಅದೇ ಹೊತ್ತಿಗೆ ಗಾಂಧಿ ಪಾರ್ಕಿಗೆ ಹೋಗಿ, ಬಿಸಿಲು ಎಲ್ಲಿ ಬೀಳುತ್ತದೆ, ಜನ ಯಾವ ದಾರಿಯಲ್ಲಿ ಓಡಾಡುತ್ತಾರೆ ಎಂದು ನೋಡಿಕೊಂಡು, ನಿಲ್ಲಬೇಕಾದ ಜಾಗಕ್ಕೆ ಗುರುತು ಹಾಕಿದ ಫೋಟೋವನ್ನು ವಾಟ್ಸಾಪಿನಲ್ಲಿ ಕಳಿಸಿದ್ದರು. ತಮ್ಮನಿಗೆ ದೊಡ್ಡ ಮರದ ಬುಡವೇ ಬೇಕಿತ್ತು. ಅವರು ಒಪ್ಪಲಿಲ್ಲ. ದಟ್ಟ ಎಲೆಗಳ ನಡುವಿನಿಂದ ಇಳಿಯುವ ಬೆಳಕು ಮುಖಕ್ಕೆ ಹಸಿರು ಛಾಯೆ ಬಳಿಯುತ್ತದೆ, ಜೊತೆಗೆ ಅಲ್ಲಲ್ಲಿ ಬಿಸಿಲಿನ ಚುಕ್ಕೆ ಬಿದ್ದು ಹಣೆ ಬೆಳ್ಳಗೂ ಕೆನ್ನೆ ಕಪ್ಪಗೂ ಕಾಣುತ್ತದೆ ಎಂದು ವಿವರಿಸಿದರು. ಡಿಸೆಂಬರಿನಲ್ಲಿ ಇಲ್ಲಿ ಆರು ಗಂಟೆಯ ಆಸುಪಾಸಿಗೆಲ್ಲ ಸೂರ್ಯ ಮುಳುಗುವುದರಿಂದ ಐದಕ್ಕೆ, ಹುಲ್ಲುಹಾಸಿನ ಅಂಚಿನ ಬಯಲಿನಲ್ಲಿ ಎಂದು ನಿಶ್ಚಯವಾಯಿತು. ಯಾವ ಕಡೆ ಮುಖಮಾಡಿ ಮಂಡಿಯೂರಬೇಕೆಂಬುದನ್ನೂ ಅವರೇ ಹೇಳಿಕೊಟ್ಟರು. ತಮ್ಮನ ಬೆನ್ನು ಕಾಣುತ್ತದಲ್ಲ ಎಂದು ನಾನು ಕೇಳಿದ್ದಕ್ಕೆ ಬಂದ ಉತ್ತರ: “ಮೇಡಂ, ನಿಮ್ಮ ತಮ್ಮನಿಗೆ ವಿಷಯ ಮೊದಲೇ ಗೊತ್ತಿರುತ್ತೆ. ನೋಡಬೇಕಾದ್ದು ಆ ಹುಡುಗಿಯ ಮುಖ.”

ಅಡಗುವ ಉಪಾಯವೂ ಸೊಗಸಾಗಿತ್ತು. ಮಂಡಗದ್ದೆಯ ಪಕ್ಷಿಧಾಮ ಮೂವತ್ತೇ ಕಿಲೋಮೀಟರ್ ದೂರದಲ್ಲಿರುವ ನಮ್ಮ ಊರಿನಲ್ಲಿ, ಉದ್ದ ಲೆನ್ಸ್ ಹಿಡಿದು ಮರದತ್ತ ಕತ್ತೆತ್ತಿ ನಿಂತವರನ್ನು ಯಾರೂ ಎರಡನೆಯ ಸಲ ತಿರುಗಿ ನೋಡುವುದಿಲ್ಲ. ಹಕ್ಕಿಯ ಫೋಟೋ ತೆಗೆಯುವವರಂತೆ ಒಬ್ಬರು 70-200 ಮಿ.ಮೀ. ಲೆನ್ಸ್ ಹಿಡಿದು ದೂರದಲ್ಲಿ ನಿಂತರು. ಇನ್ನೊಬ್ಬರು ಬದಿಯ ಬೆಂಚಿನಲ್ಲಿ ಸಣ್ಣ ಮಿರರ್‌ಲೆಸ್ ಕ್ಯಾಮೆರಾವನ್ನು ಮಡಿಲಲ್ಲಿಟ್ಟುಕೊಂಡು ಕೂತರು. ಎಲೆಕ್ಟ್ರಾನಿಕ್ ಶಟರ್ ಬಳಸಿದ್ದರಿಂದ ಕ್ಲಿಕ್ ಎಂಬ ಸದ್ದೂ ಇರಲಿಲ್ಲ.

ಎರಡನೆಯ ಕ್ಯಾಮೆರಾಕ್ಕೆ ಹೆಚ್ಚಿನ ಹಣ ಕೇಳುತ್ತಾರೆ. ದಯವಿಟ್ಟು ಅದನ್ನು ಉಳಿಸಲು ಹೋಗಬೇಡಿ. ತಮ್ಮ ಮಂಡಿಯೂರಿ ಉಂಗುರದ ಡಬ್ಬಿ ತೆರೆಯುವ ಹೊತ್ತಿಗೆ ಸರಿಯಾಗಿ ಸೈಕಲ್ ತುಳಿಯುತ್ತಿದ್ದ ಹುಡುಗನೊಬ್ಬ ದೂರದ ಕ್ಯಾಮೆರಾಕ್ಕೆ ಅಡ್ಡ ಬಂದ. ಬೆಂಚಿನಲ್ಲಿದ್ದವರು ತೆಗೆದ ಚಿತ್ರಗಳೇ ಆಗ ಕೈಹಿಡಿದವು. ಹುಡುಗಿ ಮೊದಲು ಸುತ್ತಮುತ್ತ ಯಾರಾದರೂ ನೋಡುತ್ತಿದ್ದಾರೆಯೇ ಎಂದು ಕಣ್ಣಾಡಿಸಿದ್ದು, ಆಮೇಲೆ ತಮ್ಮನ ಭುಜ ಹಿಡಿದು “ಮೊದ್ಲು ಏಳೋ ಮಾರಾಯ, ಜನ ನೋಡ್ತಿದಾರೆ” ಎಂದು ಎಬ್ಬಿಸಿದ್ದು, ಎದ್ದ ಮೇಲೆ ತಾನಾಗಿಯೇ ಬೆರಳು ಮುಂದೆ ಚಾಚಿದ್ದು, ಮೂರೂ ಒಂದರ ಹಿಂದೊಂದು ಸಿಕ್ಕಿವೆ.

ಆ ಮಾತು ವಿಡಿಯೋದಲ್ಲಿಲ್ಲ ಎಂಬುದೇ ನನ್ನ ದೊಡ್ಡ ತಕರಾರು. ಮೈಕ್ ಇಟ್ಟಿರಲಿಲ್ಲ, ಇಡೀ ತುಣುಕನ್ನು ಸ್ಲೋ ಮೋಷನ್ ಮಾಡಿ ಮೇಲೆ ಸಂಗೀತ ಸುರಿದಿದ್ದಾರೆ. ಮೊದಲು ಬಂದ ಚಿತ್ರಗಳಲ್ಲಿ ಚರ್ಮವನ್ನು ಎಷ್ಟು ನುಣುಪು ಮಾಡಿದ್ದರೆಂದರೆ ತಮ್ಮನ ಕೆನ್ನೆಯ ಮಚ್ಚೆಯೇ ಮಾಯವಾಗಿತ್ತು. ಹೇಳಿದ ಮೇಲೆ ಹೆಚ್ಚುವರಿ ಹಣ ಕೇಳದೆ ಸರಿಪಡಿಸಿದರು. ಇನ್ನೊಂದು ವಿಷಯವನ್ನು ಮಾತ್ರ ಅಷ್ಟು ಸುಲಭವಾಗಿ ಬಿಡಲಾರೆ. ಅವರ ಒಪ್ಪಂದದಲ್ಲಿ ಬುಕ್ ಮಾಡಿದವರ ಸಹಿಯಷ್ಟೇ ಇರುತ್ತದೆ. ಅದರ ಬಲದಲ್ಲಿ ಹುಡುಗಿಯನ್ನು ಕೇಳದೆಯೇ ಇನ್‌ಸ್ಟಾಗ್ರಾಂನಲ್ಲಿ ರೀಲ್ ಹಾಕಿದ್ದರು. ಅವಳ ಮನೆಯಲ್ಲಿ ಅಪ್ಪನಿಗೆ ಇನ್ನೂ ಸುದ್ದಿ ತಿಳಿಸಿರಲಿಲ್ಲ. ಫೋನ್ ಮಾಡಿದೊಡನೆ ತೆಗೆದರು ಎಂಬುದು ನಿಜ, ಆದರೂ ಅವಳ ಒಪ್ಪಿಗೆಯಿಲ್ಲದೆ ಏನನ್ನೂ ಹಾಕುವಂತಿಲ್ಲ ಎಂದು ನೀವು ಮೊದಲೇ ಬರೆಸಿಕೊಳ್ಳುವುದು ಒಳ್ಳೆಯದು.

ಮಳೆಗಾಲದಲ್ಲಿ ಬುಕ್ ಮಾಡುವವರಿಗೆ ಒಮ್ಮೆ ದಿನಾಂಕ ಬದಲಿಸಲು ಶುಲ್ಕವಿಲ್ಲ. ಮೋಡದ ಬೆಳಕು ಮುಖಕ್ಕೆ ಹಿತವೇ ಆದರೂ ನಮ್ಮ ಕಡೆಯ ಮಳೆಯನ್ನು ನಂಬಿ ಬಯಲಿನಲ್ಲಿ ನಿಲ್ಲುವಂತಿಲ್ಲ. ಬದಲಿಗೆ ಕೋಟೆಯ ಶಿವಪ್ಪನಾಯಕ ಅರಮನೆಯ ಮರದ ಕಂಬಗಳ ಸಾಲನ್ನು ಅವರು ಸೂಚಿಸುತ್ತಾರೆ; ಅದು ಸರ್ಕಾರಿ ವಸ್ತುಸಂಗ್ರಹಾಲಯವಾದ್ದರಿಂದ ಅನುಮತಿಯನ್ನೂ ಬಾಗಿಲು ಹಾಕುವ ವೇಳೆಯನ್ನೂ ಮೊದಲೇ ವಿಚಾರಿಸಿಕೊಳ್ಳಬೇಕು.